ಸೈಕಲ್ಲಿನ ಡಿಸ್ಕ್ ಬ್ರೇಕ್ ಉಜ್ಜುತ್ತಿದ್ದರೆ

ನಮ್ಮ ತೋಟದ ಮನೆಗಳಿಗೂ ಈಗ ಡಿಸ್ಕ್ ಬ್ರೇಕಿನ ಸೈಕಲ್ ಬಂದಿದೆ. ಬ್ರೇಕ್ ಉಜ್ಜಿ ಸದ್ದು ಮಾಡಿದೊಡನೆ ನಾವು ಎಣ್ಣೆ ಬಿಡಲು ಹೊರಡುತ್ತೇವೆ. ಇದು ಸಲ್ಲದು, ಎಣ್ಣೆ ತಗುಲಿದ ಪ್ಯಾಡು ಇಳಿಜಾರಿನಲ್ಲಿ ಹಿಡಿಯುವುದಿಲ್ಲ.

ಮೊದಲು ಸೈಕಲ್ಲನ್ನು ನೆಲದ ಮೇಲೆ ನೇರವಾಗಿ ನಿಲ್ಲಿಸಿ, ಚಕ್ರದ ಅಚ್ಚನ್ನು ಸಡಿಲಿಸಿ, ಸರಿಯಾಗಿ ಕೂರಿಸಿ ಬಿಗಿಯಬೇಕು. ಆಮೇಲೂ ಉಜ್ಜಿದರೆ ಕ್ಯಾಲಿಪರನ್ನು ಹಿಡಿದಿರುವ ಎರಡು ಬೋಲ್ಟುಗಳನ್ನು ಅಲೆನ್ ಕೀಲಿಯಿಂದ (ಸಾಮಾನ್ಯವಾಗಿ 5 ಮಿ.ಮೀ.) ಒಂದು ಸುತ್ತು ಸಡಿಲಿಸಿ, ಬ್ರೇಕನ್ನು ಬಲವಾಗಿ ಹಿಡಿದುಕೊಂಡೇ ಎರಡನ್ನೂ ಸರದಿಯಂತೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ತಂತಿಯ ಬ್ರೇಕಿನಲ್ಲಿ ಹೆಚ್ಚಾಗಿ ಒಂದೇ ಪ್ಯಾಡು ಚಲಿಸುತ್ತದೆ. ಚಕ್ರದ ಕಡೆಯ ಪ್ಯಾಡು ಉಜ್ಜಿದರೆ ಅದರ ತಿರುಪಿನಿಂದ ಕೂದಲೆಳೆಯಷ್ಟು ಹಿಂದೆ ಸರಿಸಬೇಕು. ಸುತ್ತಿಗೊಮ್ಮೆ ಮಾತ್ರ ಉಜ್ಜಿದರೆ ಡಿಸ್ಕೇ ಬಾಗಿರುತ್ತದೆ. ರಿಪೇರಿಯವರಿಗೆ ತೋರಿಸುವುದು ಲೇಸು.

ಸಮತಟ್ಟಾದ ಅಂಗಳದಲ್ಲಿ ಬ್ರೇಕ್ ಪರೀಕ್ಷಿಸಿದ ನಂತರವೇ ಇಳಿಜಾರಿಗೆ ಹೊರಡತಕ್ಕದ್ದು.