ಸಮುದ್ರವಿಲ್ಲದ ಊರಿಗೂ ಹಡಗು ತೆರಿಗೆ!

ಹೈದರಾಬಾದಿನ ಕೂಕಟ್‌ಪಲ್ಲಿಯ ಮೆಟ್ರೊ ಕಂಬಗಳ ಸಾಲು ಬಿಟ್ಟು ತುಸು ಒಳಗೆ ಹೋದರೆ ಒಂದು ಗುಜರಿ ಅಂಗಡಿ. ಕಳೆದ ವಾರ ಅಲ್ಲಿ ತೆಲುಗು ಗೈಡುಗಳ ರಾಶಿಯಡಿ ಕನ್ನಡ ಅಕ್ಷರ ಇಣುಕಿತು. ರಟ್ಟು ಹೋಗಿದೆ, ಮೊದಲ ಹಾಳೆಗಳೂ ಇಲ್ಲ. ಇಂಗ್ಲೆಂಡ್ ಚರಿತ್ರೆಯ ಪಠ್ಯ. ಕೊನೆಯ ಹಾಳೆಯಲ್ಲಿ ಮಾಸಿದ ಶಾಯಿಯಲ್ಲಿ ‘ರಾಯಚೂರು’. ‘ಇರವೈ ಇಯ್ಯಿ ಸಾರ್’ (ಇಪ್ಪತ್ತು ಕೊಡಿ) ಎಂದ ಅಂಗಡಿಯವನು. ಚೌಕಾಶಿ ಮಾಡಲು ಬಾಯೇ ಬರಲಿಲ್ಲ.

ಮನೆಯಲ್ಲಿ ಬಿಡಿಸಿದರೆ, ಒಂದನೇ ಚಾರ್ಲ್ಸ್‌ನ ಅಧ್ಯಾಯದಲ್ಲಿ ಪೆನ್ಸಿಲ್ ಟಿಪ್ಪಣಿ: ‘ಸಮುದ್ರವಿಲ್ಲದ ಊರಿಗೂ!’

ಗೊತ್ತಿರುವ ಕತೆಯೇ. 1629ರಿಂದ 11 ವರ್ಷ ಪಾರ್ಲಿಮೆಂಟ್ ಕರೆಯದೆ ಆಳಿದ ರಾಜನಿಗೆ ದುಡ್ಡು ಬೇಕಿತ್ತು. ಯುದ್ಧಕಾಲದಲ್ಲಿ ಕರಾವಳಿಯವರು ಕೊಡುತ್ತಿದ್ದ ಹಡಗು ತೆರಿಗೆಯನ್ನು 1635ರಲ್ಲಿ ಒಳನಾಡಿಗೂ ಹೇರಿದ. ಕಡಲೇ ಕಾಣದ ಬಕಿಂಗ್‌ಹ್ಯಾಮ್‌ಶೈರಿನ ಜಾನ್ ಹ್ಯಾಂಪ್ಡನ್ ಕೊಡೆನೆಂದ. ಬಾಕಿ ಎಷ್ಟು? 20 ಶಿಲಿಂಗ್! ಅವನು ಬಡರೈತನೇನಲ್ಲ, ದೊಡ್ಡ ಜಮೀನ್ದಾರ. ಪಠ್ಯದವರು ಅವನನ್ನು ಹುತಾತ್ಮನಂತೆ ಚಿತ್ರಿಸಿರುವುದು ನನಗೆ ತುಸು ಅತಿಯೆನಿಸಿತು. ಆದರೂ ಆ ಹಟ ನನಗಿಷ್ಟ. ಮೊಕದ್ದಮೆ ನಡೆದು, 12 ನ್ಯಾಯಾಧೀಶರಲ್ಲಿ 7 ಮಂದಿ ರಾಜನ ಪರ, 5 ಮಂದಿ ವಿರುದ್ಧ. ಗೆದ್ದ ರಾಜನೇ ನಗೆಪಾಟಲಾದ. ಸ್ಕಾಟ್‌ಲೆಂಡಿನ ಯುದ್ಧದ ಖರ್ಚಿಗೆ 1640ರಲ್ಲಿ ಪಾರ್ಲಿಮೆಂಟನ್ನು ಕರೆಯಲೇಬೇಕಾಯಿತು. ಮರುವರ್ಷ ಅದು ಹಡಗು ತೆರಿಗೆಯನ್ನೇ ಅಕ್ರಮವೆಂದು ಸಾರಿತು. 1642ರ ಜನವರಿಯಲ್ಲಿ ರಾಜ ಸೈನಿಕರೊಡನೆ ಸಭೆಗೇ ನುಗ್ಗಿದ, ಹ್ಯಾಂಪ್ಡನ್ ಸೇರಿ ಐವರನ್ನು ಹಿಡಿಯಲು. ಅವರಾಗಲೇ ಪರಾರಿ.

ಅಲ್ಲಿ ರಾಜ ಸಭೆಗೆ ನುಗ್ಗಿದರೆ, ನಮ್ಮ ಮೈಸೂರಿನಲ್ಲಿ ಸಭೆಗೆ ಬಾಗಿಲು ತೆರೆದದ್ದು ಅರಮನೆಯೇ. 1881ರಲ್ಲಿ ದಿವಾನ್ ರಂಗಾಚಾರ್ಲು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಕರೆದರು. ದಸರೆಗೆ ಬಂದ ನೆಂಟರಂತೆ ಸದಸ್ಯರು ಅಹವಾಲು ಹೇಳಬಹುದಿತ್ತು, ಅಷ್ಟೆ. ಖಜಾನೆಯ ಕೀಲಿ ಅವರ ಕೈಯಲ್ಲಿರಲಿಲ್ಲ. 1923ರ ಸುಧಾರಣೆಯ ನಂತರವೂ ಹೊಸ ತೆರಿಗೆಗೆ ಸಭೆಯ ಅಭಿಪ್ರಾಯ ಕೇಳಬೇಕಿತ್ತೇ ಹೊರತು ಒಪ್ಪಿಗೆಯನ್ನಲ್ಲ. ಕೀಲಿ ಬಂದದ್ದು 1947ರ ‘ಮೈಸೂರು ಚಲೋ’ ಚಳವಳಿಯ ನಂತರ, ಕೆ.ಸಿ. ರೆಡ್ಡಿಯವರ ಸರ್ಕಾರದ ಕೈಗೆ.

ಪುಸ್ತಕದ ಕೊನೆಯ ಹಾಳೆಯ ರಾಯಚೂರು ಮಾತ್ರ ಆಗ ನಿಜಾಮರದು, ಕೂಕಟ್‌ಪಲ್ಲಿಯಂತೆಯೇ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಕಣ್ಣುಬಿಡುವ ಮೊದಲೇ, 1938ರಲ್ಲಿ, ನಿಷೇಧಿಸಿದ್ದ ಆ ರಾಜ್ಯಕ್ಕೂ ಸಮುದ್ರವಿರಲಿಲ್ಲ. ಪೆನ್ಸಿಲ್ ಹಿಡಿದ ಹುಡುಗ (ಹುಡುಗಿಯೂ ಇರಬಹುದು) ಯಾವ ಕಾಲದವನೋ. ನನ್ನ ಮನಸ್ಸಂತೂ ಅವನನ್ನು ನಿಜಾಮರ ಕಾಲದ ಬೆಂಚಿನ ಮೇಲೇ ಕೂರಿಸಿಬಿಟ್ಟಿದೆ.

1649ರಲ್ಲಿ ರಾಜನ ತಲೆ ಉರುಳುವ ಪುಟದಲ್ಲಿ ಪೆನ್ಸಿಲಿನ ಗುರುತೇ ಇಲ್ಲ. ಹಾಳೆ ಮಾತ್ರ ಉಳಿದವಕ್ಕಿಂತ ಹೆಚ್ಚು ಸವೆದಿದೆ.