ತಾಲ್ಲೂಕು ಆಸ್ಪತ್ರೆಯ ಇಸಿಜಿ, ದೂರದ ತಜ್ಞರ ಕಣ್ಣು

ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಬ್ಬಿದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ತಪಾಸಣೆಗಾಗಿ ಸಾಲುಗಟ್ಟಿ ನಿಂತರು. ಸಾವುಗಳು ಅಸಹಜವಾಗಿ ಏರಿಲ್ಲವೆಂದು ಸರ್ಕಾರದ ತಜ್ಞರ ಸಮಿತಿ ವರದಿ ನೀಡಿತಾದರೂ, ನಡುರಾತ್ರಿ ಎದೆನೋವು ಬಂದವರಿಗೆ ತಜ್ಞರು ಎಷ್ಟು ಹೊತ್ತಿನ ದೂರದಲ್ಲಿದ್ದಾರೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಶ್ರೀರಂಗಪಟ್ಟಣ ಕಾವೇರಿಯ ಕವಲುಗಳ ನಡುವಿನ ದ್ವೀಪವೇ ಆಗಿದ್ದರೂ ಮೈಸೂರಿಗೆ ಕೂಗಳತೆಯಲ್ಲಿದೆ. ಐವತ್ತು ಕಿಲೋಮೀಟರಿಗೂ ಆಚೆ ಇರುವ ಕೆ.ಆರ್. ಪೇಟೆಯ ಹಳ್ಳಿಗಳು ಸುತ್ತ ನೆಲವಿದ್ದರೂ ಹೃದಯದ ಚಿಕಿತ್ಸೆಯ ಲೆಕ್ಕದಲ್ಲಿ ದ್ವೀಪಗಳಾಗಿವೆ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೊನರಿ ಧಮನಿಗಳ ಸ್ಥಿತಿಯನ್ನು ಪಾಂಡವಪುರದ ರೈತರಿಗೆ ವಿಶ್ವೇಶ್ವರಯ್ಯ ನಾಲೆಯ ಮೂಲಕ ಹೇಳಬಹುದು. ಉಪನಾಲೆಯ ಬಾಯಲ್ಲಿ ಹೂಳು ಕಟ್ಟಿಕೊಂಡಾಗ ಮೇಲ್ಭಾಗದ ಗದ್ದೆ ಹಸಿರಾಗಿಯೇ ಇದ್ದು ಕೊನೆಭಾಗದ ಪೈರು ಒಣಗುವಂತೆ, ಧಮನಿಯ ಗೋಡೆಯಲ್ಲಿನ ಕೊಬ್ಬಿನ ಗಡ್ಡೆ ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದರಾಚೆಯ ಸ್ನಾಯು ಸಾಯತೊಡಗುತ್ತದೆ. ಭತ್ತದ ಪೈರು ಕೆಲವು ದಿನ ತಾಳೀತು, ಸ್ನಾಯು ಅರ್ಧ ಗಂಟೆ ತಾಳುವುದೂ ಕಷ್ಟ. ಆದರೆ ಆ ಸಾವು ಒಳಪದರದಿಂದ ಹೊರಪದರದ ಕಡೆಗೆ ಕೆಲವು ಗಂಟೆಗಳ ಕಾಲ ಹರಡುತ್ತ ಹೋಗುವುದರಿಂದ, ಅಡ್ಡಿಯನ್ನು ಬೇಗ ಬಿಡಿಸಿದಷ್ಟೂ ಹೆಚ್ಚು ಭಾಗ ಉಳಿಯುತ್ತದೆ.

ತಜ್ಞರನ್ನು ರೋಗಿಯ ಬಳಿಗೆ ತರಲಾಗದಿದ್ದರೆ ರೋಗಿಯ ಹೃದಯದ ಬರಹವನ್ನೇ ತಜ್ಞರ ಬಳಿಗೆ ಕಳುಹಿಸಬಹುದೆಂಬ ಉಪಾಯ ಇಸಿಜಿಯಷ್ಟೇ ಹಳೆಯದು. ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವನ್ ರೂಪಿಸಿದ ಇಸಿಜಿ ಯಂತ್ರ ಸುಮಾರು 270 ಕಿಲೋ ತೂಗುತ್ತಿದ್ದು, ಅದನ್ನು ನಡೆಸಲು ಐದು ಜನ ಬೇಕಾಗಿತ್ತು. ಅದನ್ನು ಆಸ್ಪತ್ರೆಗೆ ಸಾಗಿಸುವಂತಿರಲಿಲ್ಲವಾದ್ದರಿಂದ, ಅವರು 1905ರಲ್ಲಿ ರೋಗಿಗಳನ್ನು ಆಸ್ಪತ್ರೆಯಲ್ಲೇ ಕೂರಿಸಿ, ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಿ, ಹೃದಯದ ಕ್ಷೀಣ ವಿದ್ಯುತ್ತನ್ನು ಒಂದೂವರೆ ಕಿಲೋಮೀಟರ್ ಆಚೆಯ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ಹರಿಸಿದರು. ಅವರಿಗೆ 1924ರ ನೊಬೆಲ್ ಪ್ರಶಸ್ತಿ ಸಂದಿತು. ದೂರವೈದ್ಯದ ಇಷ್ಟು ಸುಂದರವಾದ ಆರಂಭವನ್ನು ವೈದ್ಯಚರಿತ್ರೆಯಲ್ಲಿ ಬೇರೆಡೆ ಹುಡುಕಬೇಕಿಲ್ಲ.

ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿದ ಹೃದಯ ಜ್ಯೋತಿ ಯೋಜನೆ ಇದೇ ಉಪಾಯದ ಮುಂದುವರಿಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ, ಚೂಪು ಅಲೆಯ ನಂತರ ತಳಕ್ಕೆ ಇಳಿಯಬೇಕಾದ ಗೆರೆ ದಿಬ್ಬದಂತೆ ಮೇಲೆಯೇ ನಿಂತಿದ್ದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲು ತಿಳಿಸುತ್ತಾರೆ. ಮಿದುಳಿನಲ್ಲಿ ಹಿಂದೆ ರಕ್ತಸ್ರಾವವಾಗಿದ್ದವರಿಗೆ ಇದೇ ಮದ್ದು ಪ್ರಾಣಾಪಾಯ ತರುವುದರಿಂದ ತಜ್ಞರ ಮಾತು ಇಲ್ಲಿ ಅನಿವಾರ್ಯ. ಯೋಜನೆಯ ಪ್ರಚಾರದಲ್ಲಿ ಕೃತಕ ಬುದ್ಧಿಮತ್ತೆಯ ಮಾತು ಎಷ್ಟೇ ಕೇಳಿಬಂದರೂ, ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗಿದವರ ಇಸಿಜಿಯನ್ನು ಯಾವ ಯಂತ್ರವೂ ಓದಲಾರದು. ಮನೆಯಲ್ಲಿ ಕಳೆದುಹೋಗುವ ಆ ಹೊತ್ತೇ ಹೆಚ್ಚು ಹಾನಿಯನ್ನು ಮಾಡುತ್ತದೆ.

ಹೆಪ್ಪು ಕರಗಿ ನೋವು ಇಳಿದ ರೋಗಿಯನ್ನೂ ಸಾಮಾನ್ಯವಾಗಿ ಒಂದು ದಿನದೊಳಗೆ ದೊಡ್ಡ ಆಸ್ಪತ್ರೆಗೆ ಕಳುಹಿಸಿ, ರಕ್ತನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಂ ಮಾಡಿಸಬೇಕಾಗುತ್ತದೆ; ಹೂಳು ಕೊಚ್ಚಿಹೋಗಿ ನೀರು ಹರಿದರೂ ನಾಲೆಯ ಬಿರಿದ ಏರಿ ಬಿರಿದೇ ಇರುವಂತೆ ಧಮನಿಯ ಗೋಡೆಯೂ ಬಿರಿದೇ ಇರುತ್ತದೆ.