ಅಯಸ್ಕಾಂತದ ಛಲ

ಹೊಲಿಗೆಯ ಸೂಜಿಯನ್ನು ಅಯಸ್ಕಾಂತದಿಂದ ಒಂದೇ ದಿಕ್ಕಿನಲ್ಲಿ ಹತ್ತಾರು ಬಾರಿ ಉಜ್ಜಿದರೆ ಅದೂ ಗುಂಡುಸೂಜಿಗಳನ್ನು ಎಳೆಯತೊಡಗುವುದೆಂಬುದನ್ನು ವಾಚಕರಲ್ಲನೇಕರು ಬಾಲ್ಯದಲ್ಲಿಯೇ ಕಂಡಿರಬಹುದು. ಮೆದು ಕಬ್ಬಿಣದ ತುಂಡಾದರೋ, ಅಯಸ್ಕಾಂತವು ದೂರ ಸರಿದೊಡನೆಯೇ ಪಡೆದ ಗುಣವನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದು. ಎರಡೂ ಒಂದೇ ಜಾತಿಯವಾಗಿರಲು ಈ ಭೇದವೇಕೆ?

ಕಬ್ಬಿಣದೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಪ್ರದೇಶಗಳುಂಟು. ಒಂದೊಂದೂ ಒಂದು ಪುಟ್ಟ ಅಯಸ್ಕಾಂತ. ಫ್ರಾನ್ಸಿನ ಪಿಯರ್ ವೈಸ್ ಅವರು 1907ರಲ್ಲಿ ಈ ವಿಚಾರವನ್ನು ಮುಂದಿಟ್ಟರು. ಸಾಮಾನ್ಯವಾಗಿ ಇವು ಸಂತೆಯ ಜನರಂತೆ ಬೇರೆ ಬೇರೆ ಕಡೆಗೆ ಮುಖಮಾಡಿ ಒಂದರ ಬಲವನ್ನೊಂದು ಅಳಿಸುವುವು. ಹೊರಗಿನ ಅಯಸ್ಕಾಂತವು ಸಮೀಪಿಸಿದಾಗ, ಅದಕ್ಕೆ ಅನುಕೂಲವಾದ ಪ್ರದೇಶಗಳು ಎಲ್ಲೆ ಮೀರಿ ಬೆಳೆಯುವುವು. ಮೆದು ಕಬ್ಬಿಣದಲ್ಲಿ ಈ ಎಲ್ಲೆಗಳು ಸರಾಗವಾಗಿ ಹಿಂದಕ್ಕೂ ಜಾರುವುವು. ಗಟ್ಟಿಯಾದ ಉಕ್ಕಿನಲ್ಲಾದರೆ ಇಂಗಾಲದಿಂದಾದ ಕಣಗಳೂ ಒಳಬಿಗಿತವೂ ಅವನ್ನು ಅಡ್ಡಗಟ್ಟಿ ನಿಲ್ಲಿಸುವುವು. ವಿರುದ್ಧ ದಿಕ್ಕಿನ ಎಷ್ಟು ಬಲವನ್ನು ಹೇರಿದರೆ ಕಾಂತತ್ವವು ಶೂನ್ಯವಾಗುವುದೋ, ಅದೇ ಈ ಛಲದ ಅಳತೆ. ವಿಜ್ಞಾನಿಗಳು ಇದನ್ನು ಕೊಯರ್ಸಿವಿಟಿ ಎನ್ನುವರು.

ಇದನ್ನು ಹೆಚ್ಚಿಸುವುದರಲ್ಲಿ ಜಪಾನಿನ ವಿದ್ವಾಂಸರ ಶ್ರಮವು ಸ್ಮರಣೀಯವಾದುದು. 1917ರಲ್ಲಿ ಕೊತಾರೋ ಹೊಂಡಾ ಅವರು ಕೋಬಾಲ್ಟ್ ಬೆರೆತ ಉಕ್ಕನ್ನೂ, 1931ರಲ್ಲಿ ತೊಕುಶಿಚಿ ಮಿಶಿಮಾ ಅವರು ನಿಕ್ಕಲ್, ಅಲ್ಯುಮಿನಿಯಂ ಕೂಡಿದ ಕಬ್ಬಿಣವನ್ನೂ ಸಿದ್ಧಪಡಿಸಿದರು. 1982ರಲ್ಲಿ ಮಸಾಟೊ ಸಗಾವಾ ಅವರು ನಿಯೋಡೈಮಿಯಂ, ಕಬ್ಬಿಣ, ಬೋರಾನ್‌ಗಳಿಂದ ಅವೆಲ್ಲವನ್ನೂ ಮೀರಿಸಿದ ಅಯಸ್ಕಾಂತವನ್ನು ರಚಿಸಿದರು. ಹಳೆಯ ಇಂಗಾಲದ ಉಕ್ಕಿನ ಛಲವು ಸುಮಾರು 50 ಓರ್‌ಸ್ಟೆಡ್. ಇದರದು 10,000ಕ್ಕೂ ಮಿಗಿಲು.

ಛಲಕ್ಕೂ ಮಿತಿಯುಂಟು. 770 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕಬ್ಬಿಣವು ಕಾಂತತ್ವವನ್ನು ತೊರೆಯುವುದು. ಸಾಧಾರಣ ನಿಯೋಡೈಮಿಯಂ ಅಯಸ್ಕಾಂತವು 80 ಡಿಗ್ರಿ ದಾಟಿದರೇ ಕುಗ್ಗತೊಡಗಬಹುದು. ಶಾಲೆಯ ಉಕ್ಕಿನ ಅಯಸ್ಕಾಂತವು ಪೆಟ್ಟಿನಿಂದಲೂ ದುರ್ಬಲವಾಗುವುದು. ಆದುದರಿಂದ ಅದನ್ನು ಬೀಳಗೊಡದೆ, ತುದಿಗಳಿಗೆ ಮೆದು ಕಬ್ಬಿಣದ ತುಂಡನ್ನಿಟ್ಟು ಕಾಪಾಡಬೇಕು.

ಕಡೆಯದಾಗಿ ಗೃಹಸ್ಥರಿಗೊಂದು ಮಾತು. ಆಟಿಕೆಗಳಲ್ಲಿ ಬರುವ ನಿಯೋಡೈಮಿಯಂ ಗುಂಡುಗಳು ಕಡಲೆಯಷ್ಟೇ ಸಣ್ಣವಾದರೂ ಹೊಟ್ಟೆಯೊಳಗೂ ತಮ್ಮ ಹಿಡಿತವನ್ನು ಬಿಡವು. ಮಗುವು ಒಂದಕ್ಕಿಂತ ಹೆಚ್ಚನ್ನು ನುಂಗಿದರೆ, ಅವು ಕರುಳನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಬಿಗಿಹಿಡಿದು, ರಂಧ್ರವನ್ನೇ ಮಾಡಬಲ್ಲವು. ನುಂಗಿರುವ ಸಂಶಯ ಬಂದರೂ ಸಾಕು, ನೋವು ಕಾಣಿಸಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕುದು. ಯಂತ್ರಕ್ಕೆ ಭೂಷಣವಾದ ಛಲವು ಮಗುವಿನ ಕೈಗೆಟುಕದಂತಿರಲಿ.